ಹೆಸರು ಕಲಿಸುವ ತೋಟಗಳು: ಊರ ಗಿಡಗಳ ಚರಿತ್ರೆಯಿಂದ ಒಂದು ಪಾಠ

ಮಾನವಕುಲದ ಪ್ರಥಮ ಪಾಠ ಯಾವುದಾಗಿತ್ತು? ಪವಿತ್ರ ಕುರ್‌ಆನ್ ಇದಕ್ಕೆ ಕೊಡುವ ಉತ್ತರ ಸರಳವಾಗಿದೆ. ಅಲ್ಲಾಹನು ಆದಮ್(ಅ)ರಿಗೆ ಎಲ್ಲ ವಸ್ತುಗಳ ಹೆಸರುಗಳನ್ನು ಕಲಿಸಿದನೆಂದು ಸೂರಃ ಅಲ್‌ಬಕರಃ ತಿಳಿಸುತ್ತದೆ. ಮಲಕ್‌ಗಳಿಗೆ ತಿಳಿಯದಿದ್ದ ಆ ಹೆಸರುಗಳನ್ನು ಆದಮರು ಹೇಳಿದರು. ಭೂಮಿಯ ಪ್ರತಿನಿಧಿಯಾಗುವವನು ಮೊದಲು ಭೂಮಿಯ ಮೇಲಿರುವವುಗಳನ್ನು ಹೆಸರಿಟ್ಟು ಗುರುತಿಸಬಲ್ಲವನಾಗಿರಬೇಕು ಎಂಬ ಅರ್ಥವನ್ನು ಈ ವೃತ್ತಾಂತದಲ್ಲಿ ಕಾಣಬಹುದು. ಹೆಸರು ಗೊತ್ತಿಲ್ಲದ ವಸ್ತುವಿನ ಹೊಣೆಯನ್ನು ಯಾರೂ ಹೊರಲಾರರು.

ಈ ದೃಷ್ಟಿಯಿಂದ ನಮ್ಮ ಇಂದಿನ ಸ್ಥಿತಿಯನ್ನು ನೋಡಿದರೆ ಮನಸ್ಸಿಗೆ ಕಳವಳವಾಗುತ್ತದೆ. ನಮ್ಮ ಮದ್ರಸಗಳ ಮಕ್ಕಳು ಕುರ್‌ಆನ್ ಪಠಿಸುತ್ತಾ ಝೈತೂನ್, ತೀನ್, ರುಮ್ಮಾನ್, ಸಿದ್ರ್ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾರೆ. ಇದು ಸಂತೋಷದ ವಿಷಯ. ಆದರೆ ಅದೇ ಮಕ್ಕಳನ್ನು ಮಸೀದಿಯ ಆವರಣದ ಮೂಲೆಗೆ ಕರೆದೊಯ್ದು, ಅಲ್ಲಿ ತಾನಾಗಿ ಬೆಳೆದು ನಿಂತ ಗಿಡ ಯಾವುದೆಂದು ಕೇಳಿದರೆ ಬರುವ ಉತ್ತರ ಮೌನ. ಮಕ್ಕಳದು ತಪ್ಪಲ್ಲ. ತೋರಿಸಿ ಹೇಳುವವರಿಲ್ಲದೆ ಹೆಸರುಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಹೆಸರು ದಾಟದಿದ್ದರೆ ಗಿಡವೂ ದಾಟುವುದಿಲ್ಲ. ಅದು ‘ಕಳೆ’ಯೆಂಬ ಒಂದೇ ಹೆಸರಿನಲ್ಲಿ ಕಿತ್ತು ಹೋಗುತ್ತದೆ.

ಜನ ಸೇರುವ ಸ್ಥಳಗಳಲ್ಲಿ ಊರಿನದೇ ಗಿಡಮರಗಳನ್ನು ಬೆಳೆಸಿ, ಹೆಸರು ಬರೆದು, ನೋಡಲು ಬಂದವರಿಗೆ ಅವುಗಳ ಗುಣವನ್ನು ತಿಳಿಸುವ ತೋಟಗಳ ಬಗ್ಗೆ ಈಚೆಗೆ ಎಲ್ಲೆಡೆ ಮಾತು ಕೇಳಿಬರುತ್ತಿದೆ. ಪ್ರಾತ್ಯಕ್ಷಿಕೆ ತೋಟಗಳೆಂದು ಅವುಗಳನ್ನು ಕರೆಯುತ್ತಾರೆ. ಇದು ಹೊಸ ಕಾಲದ ಹೊಸ ವಿಚಾರವೆಂದು ಅನೇಕರು ಭಾವಿಸಿದ್ದಾರೆ. ಚರಿತ್ರೆಯನ್ನು ತೆರೆದು ನೋಡಿದರೆ ಇದರ ಬೇರು ನಮ್ಮ ಪರಂಪರೆಯಲ್ಲಿಯೇ ಬಹಳ ಆಳಕ್ಕೆ ಇಳಿದಿರುವುದು ಕಂಡುಬರುತ್ತದೆ.

ಇದ್‌ಖಿರ್ ಹುಲ್ಲಿನ ಪ್ರಸಂಗ

ಮಕ್ಕಾ ವಿಜಯದ ಸಂದರ್ಭದಲ್ಲಿ ಪ್ರವಾದಿ ಮುಹಮ್ಮದ್(ಸ)ರು ಆ ನಗರದ ಪಾವಿತ್ರ್ಯವನ್ನು ಸಾರುತ್ತಾ, ಅಲ್ಲಿ ತಾನಾಗಿ ಬೆಳೆದ ಗಿಡಮರಗಳನ್ನು ಕಡಿಯಬಾರದು, ಹುಲ್ಲನ್ನು ಕೀಳಬಾರದು ಎಂದು ಆಜ್ಞಾಪಿಸಿದರು. ಆಗ ಪ್ರವಾದಿವರ್ಯರ ಚಿಕ್ಕಪ್ಪ ಅಬ್ಬಾಸ್(ರ)ರು ಒಂದು ವಿನಂತಿಯನ್ನು ಮುಂದಿಟ್ಟರು. ಇದ್‌ಖಿರ್ ಎಂಬ ಹುಲ್ಲನ್ನು ಜನರು ಮನೆಗಳ ಮಾಡಿಗೂ ಖಬರ್‌ಗಳಿಗೂ ಅಕ್ಕಸಾಲಿಗರು ತಮ್ಮ ಕೆಲಸಕ್ಕೂ ಬಳಸುತ್ತಾರೆ, ಅದಕ್ಕೊಂದು ವಿನಾಯಿತಿ ಬೇಕು ಎಂದರು. ಪ್ರವಾದಿ(ಸ)ರು ಆ ವಿನಾಯಿತಿಯನ್ನು ನೀಡಿದರು. ಸಹೀಹ್ ಬುಖಾರಿಯಲ್ಲಿ ಬಂದಿರುವ ಈ ಪ್ರಸಂಗವನ್ನು ಫಿಕ್ಹಿನ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಬ್ಬಾಸ್(ರ)ರಿಗೆ ಆ ಹುಲ್ಲಿನ ಹೆಸರು ಗೊತ್ತಿತ್ತು, ಅದರ ಉಪಯೋಗ ಗೊತ್ತಿತ್ತು, ಯಾರು ಅದನ್ನು ಅವಲಂಬಿಸಿದ್ದಾರೆಂಬುದೂ ಗೊತ್ತಿತ್ತು. ಆದ್ದರಿಂದಲೇ ಒಂದು ಮಹತ್ವದ ಘೋಷಣೆಯ ನಡುವೆ ಒಂದು ಹುಲ್ಲಿನ ಪರವಾಗಿ ಮಾತನಾಡಲು ಅವರಿಗೆ ಸಾಧ್ಯವಾಯಿತು. ಆ ಇದ್‌ಖಿರ್ ಸುವಾಸನೆಯ ಹುಲ್ಲು. ನಮ್ಮಲ್ಲಿ ಕಷಾಯಕ್ಕೆ ಹಾಕುವ ನಿಂಬೆಹುಲ್ಲು, ಮಜ್ಜಿಗೆಹುಲ್ಲು ಎಂದೆಲ್ಲ ಕರೆಯುವ ಹುಲ್ಲಿನ ಹತ್ತಿರದ ಬಂಧು. ಊರ ಗಿಡದ ಜ್ಞಾನವು ಶರೀಅತಿನ ತಿಳುವಳಿಕೆಗೆ ಹೊರಗಿನದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹೆಸರುಗಳನ್ನು ಸಂಗ್ರಹಿಸಿದವರು

ಪ್ರವಾದಿ(ಸ)ರ ಕಾಲದ ನಂತರ ಇಸ್ಲಾಮ್ ಅರೇಬಿಯಾದ ಹೊರಗೆ ಹರಡಿತು. ಬಸ್ರಾ, ಕೂಫಾ, ಬಗ್ದಾದ್‌ಗಳಂತಹ ನಗರಗಳಲ್ಲಿ ಹುಟ್ಟಿ ಬೆಳೆದ ತಲೆಮಾರಿನವರಿಗೆ ಮರುಭೂಮಿಯ ಗಿಡಗಳು ಅಪರಿಚಿತವಾದವು. ಕುರ್‌ಆನ್, ಹದೀಸ್ ಮತ್ತು ಪ್ರಾಚೀನ ಅರಬಿ ಕಾವ್ಯಗಳಲ್ಲಿ ಬರುವ ಗಿಡದ ಹೆಸರುಗಳು ಕೇವಲ ಶಬ್ದಗಳಾಗಿ ಉಳಿಯುವ ಅಪಾಯ ಎದುರಾಯಿತು. ನಾವು ಇಂದು ಎದುರಿಸುತ್ತಿರುವ ಪರಿಸ್ಥಿತಿಯೇ ಅದು.

ಆ ಕಾಲದ ವಿದ್ವಾಂಸರು ಇದನ್ನು ಸುಮ್ಮನೆ ನೋಡುತ್ತಾ ಕುಳಿತುಕೊಳ್ಳಲಿಲ್ಲ. ಬಸ್ರಾದ ಭಾಷಾಪಂಡಿತ ಅಲ್‌ಅಸ್‌ಮಈ ಅವರು ಮರುಭೂಮಿಯ ಬದೂಗಳ ಬಾಯಿಂದ ಶಬ್ದಗಳನ್ನು ಕೇಳಿ ಬರೆದುಕೊಂಡವರು; ಗಿಡಮರಗಳ ಹೆಸರುಗಳಿಗಾಗಿಯೇ ಒಂದು ಗ್ರಂಥವನ್ನು ರಚಿಸಿದರು. ಕುರಿ-ಒಂಟೆ ಕಾಯುವವನು ಇಲ್ಲಿ ಗುರುವಾದನು, ನಗರದ ಪಂಡಿತನು ಶಿಷ್ಯನಾದನು. ಅವರ ಬಳಿಕ ಇರಾನಿನ ದೀನವರ್ ಎಂಬ ಊರಿನ ಅಬೂ ಹನೀಫಾ ಅದ್ದೀನವರಿ ಈ ಕಾರ್ಯವನ್ನು ಪೂರ್ಣತೆಗೆ ತಂದರು. ಇವರು ಫಿಕ್ಹಿನ ಇಮಾಮ್ ಅಬೂ ಹನೀಫಾ ಅಲ್ಲ. ಹಿಜರಿ 282ರ ಸುಮಾರಿಗೆ, ಅಂದರೆ ಕ್ರಿ.ಶ. 895ರ ಹೊತ್ತಿಗೆ ನಿಧನರಾದ ಬೇರೊಬ್ಬ ವಿದ್ವಾಂಸರು. ಖಗೋಳ, ಗಣಿತ, ಚರಿತ್ರೆಗಳಲ್ಲಿಯೂ ಪರಿಣತರಾಗಿದ್ದ ಇವರ ‘ಕಿತಾಬುನ್ನಬಾತ್’, ಅಂದರೆ ಸಸ್ಯಗಳ ಗ್ರಂಥ, ಆರು ಸಂಪುಟಗಳಷ್ಟಿತ್ತು. ಗಿಡ ಎಲ್ಲಿ ಬೆಳೆಯುತ್ತದೆ, ಎಲೆ ಹೇಗಿದೆ, ಯಾವ ಪ್ರಾಣಿ ತಿನ್ನುತ್ತದೆ, ಜನ ಯಾವುದಕ್ಕೆ ಬಳಸುತ್ತಾರೆ ಎಂಬುದೆಲ್ಲ ಅದರಲ್ಲಿ ದಾಖಲಾಗಿತ್ತು.

ಆ ಗ್ರಂಥದ ಬಹುಭಾಗ ಕಾಲಾಂತರದಲ್ಲಿ ಕಳೆದುಹೋಯಿತು. ಆದರೆ ‘ಲಿಸಾನುಲ್ ಅರಬ್’ನಂತಹ ನಂತರದ ನಿಘಂಟುಗಳು ಅದರಿಂದ ಧಾರಾಳವಾಗಿ ಉದ್ಧರಿಸಿದ್ದವು. ಹೈದರಾಬಾದಿನಲ್ಲಿ 1908ರಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಡಾ. ಮುಹಮ್ಮದ್ ಹಮೀದುಲ್ಲಾಹ್ ಅವರು ಆ ಚೂರುಗಳನ್ನು ಒಂದೊಂದಾಗಿ ಹೆಕ್ಕಿ, ಕಳೆದುಹೋದ ಭಾಗವನ್ನು ಮತ್ತೆ ಜೋಡಿಸಿದರು. ಅದು 1973ರಲ್ಲಿ ಕೈರೋದಲ್ಲಿ ಪ್ರಕಟವಾಯಿತು. ದಖ್ಖನಿನ ಒಬ್ಬ ಆಲಿಮ್ ಸಾವಿರ ವರ್ಷಗಳ ಹಿಂದಿನ ಗಿಡಗಳ ಹೆಸರುಗಳನ್ನು ಮರಳಿ ಜಗತ್ತಿಗೆ ಕೊಟ್ಟರು. ನಮ್ಮ ಪಾಲಿಗೆ ಇದು ಹೆಮ್ಮೆಯ ವಿಷಯವೂ ಹೌದು, ಎಚ್ಚರಿಕೆಯ ವಿಷಯವೂ ಹೌದು. ಬರೆದಿಟ್ಟ ಹೆಸರುಗಳನ್ನು ಸಾವಿರ ವರ್ಷಗಳ ಬಳಿಕವೂ ಹುಡುಕಿ ತೆಗೆಯಬಹುದು. ಬರೆಯದೆ ಬಿಟ್ಟವು ಅಜ್ಜ-ಅಜ್ಜಿಯರೊಂದಿಗೆ ಮಣ್ಣಾಗುತ್ತವೆ.

ಸುಲ್ತಾನರ ತೋಟಗಳು

ಹೆಸರುಗಳನ್ನು ಗ್ರಂಥದಲ್ಲಿ ಉಳಿಸುವುದು ಒಂದು ಮಾರ್ಗ. ಗಿಡವನ್ನೇ ಬೆಳೆಸಿ ತೋರಿಸುವುದು ಇನ್ನೊಂದು. ಈ ಎರಡನೆಯ ಮಾರ್ಗದಲ್ಲಿ ಮುಂದೆ ಸಾಗಿದ್ದು ಅಂದುಲುಸ್, ಅಂದರೆ ಮುಸ್ಲಿಮ್ ಸ್ಪೇನ್. ಕ್ರಿ.ಶ. 756ರಿಂದ 788ರವರೆಗೆ ಆಳಿದ ಒಂದನೆಯ ಅಬ್ದುರ‍್ರಹ್ಮಾನ್ ಕೊರ್ದೋವಾದ ಬಳಿ ರುಸಾಫಾ ಎಂಬ ತೋಟವನ್ನು ನಿರ್ಮಿಸಿದರು. ಸಿರಿಯಾದಲ್ಲಿ ಅವರ ಅಜ್ಜ ಹಿಶಾಮರಿಗಿದ್ದ ತೋಟದ ಹೆಸರೇ ಇದಕ್ಕೂ ಬಂತು. ದೂರದ ತಾಯ್ನೆಲದ ಗಿಡಗಳನ್ನು ತರಿಸಿ ಅವರು ಇಲ್ಲಿ ನೆಡಿಸಿದರು. ಸಫರಿ ಎಂಬ ಹೆಸರಿನ ದಾಳಿಂಬೆಯ ತಳಿ ಇಲ್ಲಿಂದಲೇ ಇಡೀ ದೇಶಕ್ಕೆ ಹಬ್ಬಿತು.

ಹನ್ನೊಂದನೆಯ ಶತಮಾನದಲ್ಲಿ ತೊಲೆದೋ ನಗರದ ದೊರೆ ಅಲ್‌ಮಅಮೂನ್‌ಗಾಗಿ ಇಬ್ನ್ ವಾಫಿದ್ ಎಂಬ ವೈದ್ಯ ತಾಜೋ ನದಿಯ ದಡದಲ್ಲಿ ತೋಟವೊಂದನ್ನು ರೂಪಿಸಿದರು. ಕೃಷಿತಜ್ಞ ಇಬ್ನ್ ಬಸ್ಸಾಲ್ ಅಲ್ಲಿ ನೆಡುವ, ಕಸಿ ಕಟ್ಟುವ, ನೀರುಣಿಸುವ ಕ್ರಮಗಳನ್ನು ಸ್ವತಃ ಮಾಡಿ ನೋಡಿ, ಅನುಭವವನ್ನು ಗ್ರಂಥವಾಗಿ ಬರೆದರು. 1085ರಲ್ಲಿ ತೊಲೆದೋ ಕೈತಪ್ಪಿದಾಗ ಅವರು ಸೆವಿಲ್ಲೆಗೆ ಹೋಗಿ ಅಲ್ಲಿಯೂ ತೋಟ ಕಟ್ಟಿದರು. ಇಟಲಿಯ ಪೀಸಾ ಮತ್ತು ಪಾದುವಾಗಳಲ್ಲಿ ವಿಶ್ವವಿದ್ಯಾಲಯಗಳ ಸಸ್ಯೋದ್ಯಾನಗಳು ಆರಂಭವಾದದ್ದು 1540ರ ದಶಕದಲ್ಲಿ, ಅಂದರೆ ಇದಾಗಿ ಸುಮಾರು ಐದು ಶತಮಾನಗಳ ಬಳಿಕ. ಇದೇ ಪರಂಪರೆಯಲ್ಲಿ ಬಂದ ಮಾಲಗಾದ ಇಬ್ನುಲ್ ಬೈತಾರ್ (ನಿಧನ 1248) ಸುಮಾರು 1400 ಔಷಧಿಗಳನ್ನು ವಿವರಿಸುವಾಗ ಅರಬಿ ಹೆಸರಿನೊಂದಿಗೆ ಬರ್ಬರ್ ಮತ್ತು ಸ್ಪೇನಿನ ಆಡುಮಾತಿನ ಹೆಸರುಗಳನ್ನೂ ದಾಖಲಿಸಿದರು. ಹಳ್ಳಿಯವನು ಕರೆಯುವ ಹೆಸರು ವಿದ್ವಾಂಸನ ಗ್ರಂಥದಲ್ಲಿ ಸ್ಥಾನ ಪಡೆಯಬೇಕೆಂಬ ವಿನಯ ಅವರಲ್ಲಿತ್ತು.

ಭಾರತದ ಪಶ್ಚಿಮ ಕರಾವಳಿಯಲ್ಲಿಯೂ ಇದಕ್ಕೆ ಹೋಲುವ ಒಂದು ಕಾರ್ಯ ನಡೆಯಿತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಸಿದ್ಧಪಡಿಸಿದ ‘ಹೊರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಪ್ರಕಟವಾಯಿತು. ಅದರ ಜ್ಞಾನದ ಮೂಲ ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಪಂಡಿತರು. ಚಿತ್ರಗಳ ಮೇಲೆ ಲ್ಯಾಟಿನ್, ಮಲಯಾಳಂ, ನಾಗರಿ ಲಿಪಿಗಳೊಂದಿಗೆ ಅರಬಿ ಲಿಪಿಯಲ್ಲಿಯೂ ಹೆಸರುಗಳಿವೆ. ನಾವು ಮನೆಯ ಹಿಂದೆ ಚಪ್ಪರಕ್ಕೆ ಹಬ್ಬಿಸುವ ಬಸಳೆ ವಿಜ್ಞಾನದಲ್ಲಿ ‘ಬಸೆಲ್ಲಾ’ ಆದದ್ದು, ಏಲಕ್ಕಿ ‘ಎಲೆಟ್ಟೇರಿಯಾ’ ಆದದ್ದು ಈ ತೀರದ ಜನರ ಬಾಯಿಮಾತಿನಿಂದಲೇ.

ಲಾಲ್‌ಬಾಗ್ ಕಲಿಸಿದ್ದು, ಕಲಿಸದೆ ಬಿಟ್ಟದ್ದು

ಕನ್ನಡ ನಾಡಿಗೆ ಬಂದರೆ, ಗಿಡವನ್ನು ತೋರಿಸಿ ಕಲಿಸುವ ತೋಟವೆಂದೊಡನೆ ನೆನಪಾಗುವುದು ಬೆಂಗಳೂರಿನ ಲಾಲ್‌ಬಾಗ್. ಸಿರಾದಲ್ಲಿದ್ದ ಮೊಘಲ್ ಶೈಲಿಯ ತೋಟವನ್ನು ಮಾದರಿಯಾಗಿಟ್ಟುಕೊಂಡು ಹೈದರ್ ಅಲಿಯವರು 1760ರಲ್ಲಿ ಸುಮಾರು 40 ಎಕರೆಯಲ್ಲಿ ಇದನ್ನು ಆರಂಭಿಸಿದರು. ಟಿಪ್ಪು ಸುಲ್ತಾನರು ಕಾಬೂಲ್, ಪರ್ಷಿಯಾ, ತುರ್ಕಿ, ಮಾರಿಷಸ್ ಮುಂತಾದೆಡೆಗಳಿಂದ ಬೀಜ-ಸಸಿಗಳನ್ನು ತರಿಸಿ ಅದನ್ನು ಬೆಳೆಸಿದರು. ಶ್ರೀರಂಗಪಟ್ಟಣ ಪತನವಾದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಕಂಪನಿಯ ವೈದ್ಯ ಬೆಂಗಳೂರಿಗೆ ಬಂದಾಗ ಈ ತೋಟವನ್ನು ನೋಡಿ ವಿವರಿಸಿದ್ದಾನೆ. ನಡೆಯುವ ದಾರಿಗಳಿಂದ ಬೇರ್ಪಟ್ಟ ಚೌಕಗಳು, ದಾರಿಯ ಅಂಚಿಗೆ ಸೈಪ್ರೆಸ್ ಮರಗಳು, ಒಂದೊಂದು ಬಗೆಯ ಗಿಡಕ್ಕೆ ಒಂದೊಂದು ಚೌಕ. ಗುಲಾಬಿಗೆ ಒಂದಾದರೆ ದಾಳಿಂಬೆಗೆ ಇನ್ನೊಂದು. ಇದು ಮುಸಲ್ಮಾನರ ಪದ್ಧತಿಯೆಂದು ಆತ ಗುರುತಿಸುತ್ತಾನೆ. ಅಂತಹ ವಿನ್ಯಾಸದಲ್ಲಿ ನಡೆದಾಡುವವನು ಗಿಡಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಲ್ಲನು, ಗುರುತು ಹಿಡಿಯಬಲ್ಲನು. ತೋಟವೇ ಪಾಠದ ಹಲಗೆಯಂತಿತ್ತು.

ಮುಂದೆ 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಕಾಲದಲ್ಲಿ ಆರ್ಥಿಕ ಬೆಳೆಗಳ ಪ್ರಯೋಗ ಹೆಚ್ಚಿತು; 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಇಂದು ನಮ್ಮ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿರುವ ಸೀಮೆಬದನೆ ಬೆಂಗಳೂರಿಗೆ ಬಂದದ್ದು ಆತನಿಂದಲೇ. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ನಗರದ ಬೀದಿಗಳಿಗೆ ಹೂ ಬಿಡುವ ಮರಗಳ ಸೊಬಗನ್ನು ತಂದರು. ಈ ತೋಟದಿಂದ ರೈತನಿಗೂ ನಗರದವನಿಗೂ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಸುಲ್ತಾನರ ತೋಟದಲ್ಲಾಗಲಿ, ಸರ್ಕಾರದ ತೋಟದಲ್ಲಾಗಲಿ, ಗೌರವದ ಸ್ಥಾನ ದೊರೆತದ್ದು ಹೆಚ್ಚಾಗಿ ದೂರದಿಂದ ಬಂದ ಅತಿಥಿಗೆ. ರುಸಾಫಾದಿಂದ ಲಾಲ್‌ಬಾಗಿನವರೆಗೆ ಈ ಒಲವು ಒಂದೇ ಬಗೆಯಾಗಿ ಕಾಣುತ್ತದೆ. ಅತಿಥಿಯನ್ನು ಸತ್ಕರಿಸುವುದು ಸುನ್ನತ್, ಅದರಲ್ಲಿ ತಪ್ಪಿಲ್ಲ. ಮನೆಯವರನ್ನು ಹೊರಗೆ ನಿಲ್ಲಿಸಿ ಅತಿಥಿಯನ್ನು ಸತ್ಕರಿಸಿದರೆ ಅದು ಮಾತ್ರ ಅನ್ಯಾಯ. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ದಕ್ಷಿಣ ಅಮೆರಿಕದ್ದು. ಇವುಗಳನ್ನು ಗುರುತಿಸಬಲ್ಲ ನಗರದ ಮಗುವಿಗೆ ಸುರಗಿ, ರೆಂಜೆ, ಹೊನ್ನೆಗಳು ಗೊತ್ತಿಲ್ಲ. ಕೆಲವು ಅತಿಥಿಗಳು ಮನೆಯನ್ನೇ ಆಕ್ರಮಿಸಿದ್ದೂ ಉಂಟು. ಅಲಂಕಾರಕ್ಕೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಾರತದ ತೋಟಗಳಿಗೆ ತಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನ ನೆಲವನ್ನು ಮುಚ್ಚಿ, ಹುಲ್ಲಿಗೂ ಮರದ ಸಸಿಗೂ ಜಾಗವಿಲ್ಲದಂತೆ ಮಾಡಿದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ-ಮೇಜು ಮಾಡಿ ಜೀವನೋಪಾಯ ಕಂಡುಕೊಂಡಿದ್ದಾರೆ. ಅದು ಅವರ ಜಾಣ್ಮೆ. ತೋಟಗಾರರ ಅವಿವೇಕದ ಬೆಲೆಯನ್ನು ಕಾಡು ಇನ್ನೂ ತೆರುತ್ತಿದೆ.

ಇನ್ನೊಂದು ಕೊರತೆಯೂ ಇತ್ತು. ಆ ತೋಟಗಳು ಮೊದಲು ದೊರೆಯದ್ದಾಗಿದ್ದವು, ಆಮೇಲೆ ಸರ್ಕಾರದ್ದಾದವು. ಊರಿನವರು ನೋಡಲು ಹೋದರೇ ಹೊರತು, ಅದು ತಮ್ಮದೆಂದು ನೆಟ್ಟು ನೀರೆರೆಯಲಿಲ್ಲ.

ಮರಳಿ ಊರ ಗಿಡದ ಕಡೆಗೆ

ಕಳೆದ ಮೂರು ದಶಕಗಳಲ್ಲಿ ಈ ದೃಷ್ಟಿ ಬದಲಾಗುತ್ತಿದೆ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನ ಪ್ರತಿಷ್ಠಾನವು ಅರಣ್ಯ ಇಲಾಖೆಗಳೊಂದಿಗೆ ಸೇರಿ ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಔಷಧೀಯ ಸಸ್ಯಗಳನ್ನು ಅವುಗಳ ಹುಟ್ಟುನೆಲದಲ್ಲಿಯೇ ಕಾಪಾಡುವ ಪ್ರದೇಶಗಳನ್ನು ರೂಪಿಸಿತು. ಯಲಹಂಕದ ತನ್ನ ಆವರಣದಲ್ಲಿ ಅವುಗಳ ತೋಟವನ್ನೂ ಬೆಳೆಸಿತು. ಮಂಗಳೂರಿನ ಪಿಲಿಕುಳದಲ್ಲಿ ಪಶ್ಚಿಮ ಘಟ್ಟದ ಅಪರೂಪದ ಮರಗಳನ್ನು ಒಂದೆಡೆ ನೋಡಬಹುದು.

ಮುಸ್ಲಿಮ್ ಜಗತ್ತಿನಲ್ಲಿ ಇದಕ್ಕೊಂದು ಹೊಸ ರೂಪ ಬಂತು. ಖತರಿನ ದೋಹಾದಲ್ಲಿ 2008ರಲ್ಲಿ ಕುರ್‌ಆನಿಕ್ ಸಸ್ಯೋದ್ಯಾನಕ್ಕೆ ಚಾಲನೆ ದೊರೆಯಿತು. ಕುರ್‌ಆನ್‌ನಲ್ಲಿ ಮತ್ತು ಹದೀಸ್‌ಗಳಲ್ಲಿ ಉಲ್ಲೇಖಗೊಂಡ ಗಿಡಗಳೊಂದಿಗೆ ಆ ಮರುಭೂಮಿಯದೇ ಸಸ್ಯಗಳನ್ನು ಬೆಳೆಸಿ ಶಾಲಾ ಮಕ್ಕಳಿಗೆ ತೋರಿಸುವ ತೋಟವದು. ಅಲ್ಲಿ ಮೊದಲು ನೆಟ್ಟ ಸಸಿ ಸಿದ್ರ್. ಖತರಿನ ಬರಡು ನೆಲದಲ್ಲಿ ತಾನಾಗಿ ಬೆಳೆದು, ದಾರಿಹೋಕರಿಗೆ ನೆರಳಾಗುತ್ತಿದ್ದ ಮರವದು. ಶಾರ್ಜಾದಲ್ಲಿಯೂ 2014ರಲ್ಲಿ ಇಂತಹ ಒಂದು ಉದ್ಯಾನ ತೆರೆಯಿತು. ಈ ತೋಟಗಳಲ್ಲಿ ಗ್ರಂಥದ ಹೆಸರೂ ನೆಲದ ಗಿಡವೂ ಮತ್ತೆ ಒಂದಾದವು.

ಇವುಗಳನ್ನು ನೋಡಿ ನಮ್ಮ ಕೆಲವು ಸಹೋದರರು ಕರಾವಳಿಯ ಮಳೆಗೆ ಝೈತೂನ್ ಸಸಿಯನ್ನೂ ಖರ್ಜೂರದ ಗಿಡವನ್ನೂ ತಂದು ನೆಡಲು ಉತ್ಸಾಹ ತೋರಿಸುತ್ತಾರೆ. ಅವರ ಭಕ್ತಿ ಪ್ರಶ್ನಾತೀತ. ಆದರೆ ದೋಹಾದವರು ಮಾಡಿದ್ದು ತಮ್ಮ ನೆಲದಲ್ಲಿ ಬದುಕುವ ಗಿಡವನ್ನು ಗೌರವಿಸಿದ್ದು. ಆ ಕಾರ್ಯವನ್ನು ಅನುಸರಿಸಬೇಕೆಂದರೆ ನಾವು ನಮ್ಮ ನೆಲದ ಗಿಡವನ್ನು ಗೌರವಿಸಬೇಕು. ಆರು ತಿಂಗಳ ಮಳೆಯಲ್ಲಿ ಕೊಳೆಯುವ ಸಸಿಯನ್ನು ನೆಟ್ಟು ಮರೆಯುವುದು ಅನುಸರಣೆಯಾಗದು.

ಬೋರೆ ಮರ ಹೇಳುವ ಮಾತು

ಇದಕ್ಕೆ ಒಂದೇ ಮರದ ನಿದರ್ಶನ ಸಾಕು. ಸಿದ್ರ್ ಎಂಬ ಮರದ ಹೆಸರು ಸಬಾ, ಅನ್ನಜ್ಮ್, ಅಲ್‌ವಾಕಿಅ ಎಂಬ ಮೂರು ಸೂರಃಗಳಲ್ಲಿ ಬಂದಿದೆ. ಪ್ರವಾದಿ(ಸ)ರ ಪುತ್ರಿ ಮರಣ ಹೊಂದಿದಾಗ, ಮಯ್ಯಿತ್‌ಗೆ ಸ್ನಾನ ಮಾಡಿಸುತ್ತಿದ್ದ ಮಹಿಳೆಯರಿಗೆ ನೀರು ಮತ್ತು ಸಿದ್ರ್ ಎಲೆಯನ್ನು ಬಳಸಲು, ಕೊನೆಯ ಬಾರಿ ಕರ್ಪೂರ ಸೇರಿಸಲು ಅವರು ಸೂಚಿಸಿದ್ದನ್ನು ಉಮ್ಮು ಅತಿಯ್ಯಾ(ರ)ರು ವರದಿ ಮಾಡಿದ್ದಾರೆ. ಅರೇಬಿಯಾದ ಆ ಸಿದ್ರ್‌ನ ಕುಲಕ್ಕೇ ಸೇರಿದ ಮರ ನಮ್ಮ ಬಯಲುಸೀಮೆಯಲ್ಲಿದೆ. ಬೋರೆ, ಎಲಚಿ ಎಂದು ಕನ್ನಡದಲ್ಲಿ ಕರೆಯುವ, ಉರ್ದುವಿನಲ್ಲಿ ಬೇರಿ ಎನ್ನುವ ಮುಳ್ಳಿನ ಮರ. ನಮ್ಮ ಹಿರಿಯರು ಮಯ್ಯಿತ್‌ನ ಗುಸ್ಲ್‌ಗೆ ಇದರ ಎಲೆಯನ್ನೇ ಬಳಸುತ್ತಾ ಬಂದರು.

ಈಗ ಅನೇಕ ಊರುಗಳಲ್ಲಿ ಸಾವಿನ ಮನೆಯಿಂದ ಬೋರೆ ಎಲೆಗಾಗಿ ಹೊರಟವರು ಮರವೆಲ್ಲಿದೆಯೆಂದು ಕೇಳಬೇಕಾಗಿದೆ. ಕೆಲವೊಮ್ಮೆ ಮರ ಎದುರಿಗಿದ್ದರೂ ಗುರುತಿಸಲಾರದೆ ಹಿಂದಿರುಗಬೇಕಾಗಿದೆ. ಸಿಗದಿದ್ದರೆ ಸಾಬೂನು ಬಳಸಬಹುದು, ದೀನ್ ಜನರಿಗೆ ಕಷ್ಟ ಕೊಡುವುದಿಲ್ಲ. ಆದರೆ ಖಬರಸ್ತಾನದ ಗೇಟಿನ ಬಳಿ ಒಂದು ಬೋರೆ ಮರವನ್ನು ಬೆಳೆಸಿ, ಅದಕ್ಕೊಂದು ಹೆಸರಿನ ಹಲಗೆ ತೂಗಿಸಿದ್ದರೆ ಆ ಊರಿನ ಒಂದು ಸುನ್ನತ್, ಒಂದು ಮರ, ಒಂದು ಕನ್ನಡ ಹೆಸರು ಮೂರೂ ಒಟ್ಟಿಗೆ ಉಳಿಯುತ್ತಿದ್ದವು. ಹಣ್ಣನ್ನು ಮಕ್ಕಳೂ ಹಕ್ಕಿಗಳೂ ತಿನ್ನುತ್ತಿದ್ದರು. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾವುದು ತಿಂದರೂ ಅದು ಅವನ ಪಾಲಿಗೆ ಸದಕಾ ಆಗುತ್ತದೆ ಎಂಬ ಪ್ರವಾದಿ ವಚನ ನಮಗೆಲ್ಲ ಕಂಠಪಾಠವಾಗಿದೆ. ಆ ವಚನಕ್ಕೆ ಬೇಕಾದ ಗಿಡ ಮಾತ್ರ ನಮ್ಮ ಆವರಣದಲ್ಲಿಲ್ಲ.

ವಕ್ಫ್ ಎಂಬ ಆಧಾರ

ದೊರೆಯ ತೋಟಗಳಿಗೆ ಇಲ್ಲದಿದ್ದ ಒಂದು ಬಲ ನಮ್ಮ ಜಮಾಅತ್‌ಗಳಿಗಿದೆ. ಅದು ವಕ್ಫ್. ಖೈಬರ್‌ನಲ್ಲಿ ತಮಗೆ ದೊರೆತ ಉತ್ತಮ ಭೂಮಿಯನ್ನು ಏನು ಮಾಡಲಿ ಎಂದು ಉಮರ್(ರ)ರು ಪ್ರವಾದಿ(ಸ)ರಲ್ಲಿ ಕೇಳಿದಾಗ, ಮೂಲವನ್ನು ಉಳಿಸಿಕೊಂಡು ಫಲವನ್ನು ದಾನ ಮಾಡುವ ಮಾರ್ಗವನ್ನು ಅವರು ತೋರಿಸಿದರು. ಮಾರಬಾರದು, ವಾರಸಿಗೆ ಹೋಗಬಾರದು, ಫಲ ಮಾತ್ರ ಬಡವರಿಗೂ ಪಥಿಕರಿಗೂ ಸಲ್ಲಬೇಕು. ಮರವೊಂದಕ್ಕೆ ಇದಕ್ಕಿಂತ ಒಳ್ಳೆಯ ಭದ್ರತೆ ಬೇರೆಲ್ಲಿ ಸಿಗುತ್ತದೆ? ಸರ್ಕಾರ ಬದಲಾಗುತ್ತದೆ, ಸಂಘಗಳು ಮುಚ್ಚುತ್ತವೆ. ಮಸೀದಿಯ ಅಂಗಳ ಮತ್ತು ಖಬರಸ್ತಾನಗಳು ತಲೆಮಾರುಗಳನ್ನು ದಾಟಿ ಸಮುದಾಯದ ಕೈಯಲ್ಲಿ ಉಳಿಯುತ್ತವೆ.

ಕೈ ಹಾಕದೆ ಬಿಟ್ಟ ಪವಿತ್ರ ಸ್ಥಳಗಳು ಗಿಡಗಳಿಗೆ ಆಶ್ರಯವಾಗುತ್ತವೆ ಎಂಬುದು ಅನುಭವದ ಮಾತು. ಟರ್ಕಿಯ ಹಳೆಯ ಮುಸ್ಲಿಮ್ ದಫನ ಭೂಮಿಗಳಲ್ಲಿ ಕಾಡಿನ ಆರ್ಕಿಡ್‌ಗಳು ಉಳಿದುಕೊಂಡಿರುವುದನ್ನು ಸಸ್ಯಶಾಸ್ತ್ರಜ್ಞರು ದಾಖಲಿಸಿದ್ದಾರೆ. ನಮ್ಮ ನೆರೆಯ ಸಹೋದರ ಸಮುದಾಯಗಳು ಕೊಡಗಿನ ದೇವರಕಾಡುಗಳಲ್ಲಿ, ತುಳುನಾಡಿನ ಬನಗಳಲ್ಲಿ ಉಳಿಸಿಕೊಂಡ ಮರಗಳನ್ನು ನಾವು ಕಣ್ಣಾರೆ ನೋಡುತ್ತೇವೆ. ಅವರ ನಂಬಿಕೆ ಅವರಿಗೆ, ನಮ್ಮದು ನಮಗೆ. ಮರ ಮಾತ್ರ ಎಲ್ಲರಿಗೂ ನೆರಳು ಕೊಡುತ್ತದೆ.

ಆದರೆ ಈಚಿನ ವರ್ಷಗಳಲ್ಲಿ ಸ್ವಚ್ಛತೆಯ ಹೆಸರಿನಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವುದು, ಖಬರಸ್ತಾನವನ್ನು ಜೆಸಿಬಿಯಿಂದ ಸಮತಟ್ಟು ಮಾಡುವುದು, ಉಳಿದ ಅಂಚಿಗೆ ನರ್ಸರಿಯಿಂದ ತಂದ ಒಂದೇ ಬಗೆಯ ಅಲಂಕಾರದ ಗಿಡವನ್ನು ಸಾಲಾಗಿ ನೆಡುವುದು ರೂಢಿಯಾಗುತ್ತಿದೆ. ಶುಚಿತ್ವ ಈಮಾನಿನ ಭಾಗವೇ ಹೌದು, ಬರಡುತನ ಶುಚಿತ್ವವಲ್ಲ. ಒಂದು ದಿನದಲ್ಲಿ ಯಂತ್ರ ಕಿತ್ತೆಸೆದ ಕೇಪಳ, ನೆಕ್ಕರೆ, ಲಕ್ಕಿ ಗಿಡಗಳು ಅಜ್ಜಂದಿರ ಕಾಲದಿಂದ ಅಲ್ಲಿದ್ದವು.

ಏನು ಮಾಡಬಹುದು

ಇದಕ್ಕೆ ದೊಡ್ಡ ಹಣವೂ ವಿಶಾಲವಾದ ಜಾಗವೂ ಬೇಕಿಲ್ಲ. ಮೊದಲನೆಯದಾಗಿ, ನೆಡುವುದಕ್ಕಿಂತ ಮುಂಚೆ ಇರುವುದನ್ನು ಲೆಕ್ಕ ಹಾಕಬೇಕು. ಊರಿನ ಹಿರಿಯರಲ್ಲಿ ಇಬ್ಬರು ಮೂವರನ್ನು ಮದ್ರಸದ ಮಕ್ಕಳೊಂದಿಗೆ ಆವರಣದಲ್ಲಿ ಒಂದು ಸುತ್ತು ನಡೆಸಿ, ಅವರು ಹೇಳಿದ ಹೆಸರುಗಳನ್ನು ಬರೆದುಕೊಳ್ಳಬೇಕು. ಅಲ್‌ಅಸ್‌ಮಈ ಬದೂಗಳಿಂದ ಕೇಳಿದಂತೆ ನಾವು ನಮ್ಮ ಅಜ್ಜಿಯರಿಂದ ಕೇಳಬೇಕು. ಗಿಡಗಳ ಮದ್ದು, ಪಲ್ಯ, ತಂಬುಳಿಯ ಜ್ಞಾನ ಹೆಚ್ಚಾಗಿ ಅವರಲ್ಲಿಯೇ ಇದೆ.

ಅನಂತರ ಆಯಾ ಪ್ರದೇಶಕ್ಕೆ ತಕ್ಕ ಗಿಡಗಳನ್ನು ಆರಿಸಬೇಕು. ಕರಾವಳಿ, ಮಲೆನಾಡುಗಳಲ್ಲಿ ಪುನರ್ಪುಳಿ, ರೆಂಜೆ, ಸುರಗಿ, ಸುರಹೊನ್ನೆ, ನೇರಳೆ. ಬಯಲುಸೀಮೆಯಲ್ಲಿ ಬೋರೆ, ಹೊಂಗೆ, ತಂಗಡಿ, ಮುತ್ತುಗ. ಕೆಳಗೆ ನೆಲಕ್ಕೆ ತುಂಬೆ, ಒಂದೆಲಗ, ನೆಲನೆಲ್ಲಿ, ಬೇಲಿಗೆ ಆಡುಸೋಗೆ, ಲಕ್ಕಿ, ಅಮೃತಬಳ್ಳಿ. ದೊಡ್ಡ ಮರಗಳನ್ನು ಖಬರ್‌ಗಳ ನಡುವೆ ನೆಡದೆ ಅಂಚಿನಲ್ಲಿ ನೆಟ್ಟರೆ ಬೇರಿನಿಂದ ತೊಂದರೆಯಾಗದು. ವುಝೂ ಮಾಡಿದ ನೀರು ದಿನಕ್ಕೆ ಐದು ಬಾರಿ ಚರಂಡಿಗೆ ಹರಿದುಹೋಗುತ್ತದೆ. ಅದನ್ನು ಒಂದು ಕಾಲುವೆಯಿಂದ ಗಿಡದ ಬುಡಕ್ಕೆ ತಿರುಗಿಸಿದರೆ ಬೇಸಿಗೆಯ ಚಿಂತೆಯೂ ತೀರುತ್ತದೆ, ನೀರಿನ ದುಂದೂ ತಪ್ಪುತ್ತದೆ.

ಪ್ರತಿ ಗಿಡಕ್ಕೂ ಹಲಗೆ ಇರಲಿ. ಅದರಲ್ಲಿ ಕನ್ನಡದ ಹೆಸರು, ಊರಿನವರು ಆಡುವ ಬ್ಯಾರಿ, ತುಳು, ಉರ್ದು ಅಥವಾ ನವಾಯತಿ ಹೆಸರು, ಒಂದು ಉಪಯೋಗ, ಅಷ್ಟು ಸಾಕು. ಇಬ್ನುಲ್ ಬೈತಾರ್ ತಮ್ಮ ಗ್ರಂಥದಲ್ಲಿ ಮಾಡಿದ್ದೂ ಇಷ್ಟನ್ನೇ. ಒಂದೊಂದು ಗಿಡದ ಹೊಣೆಯನ್ನು ಒಂದೊಂದು ಮಗುವಿಗೆ ವಹಿಸಲಿ. ಜಮಾಅತ್ ಸಮಿತಿ ತನ್ನ ದಾಖಲೆಯಲ್ಲಿ ಗಿಡಗಳ ಪಟ್ಟಿಯನ್ನು ಸೇರಿಸಲಿ. ಮಾಗಿದ ಬೀಜಗಳನ್ನು ಮನೆಗಳಿಗೆ ಹಂಚಲಿ. ಆವರಣದ ಗೇಟು ಎಲ್ಲ ಸಮುದಾಯದ ಶಾಲಾ ಮಕ್ಕಳಿಗೂ ತೆರೆದಿರಲಿ. ನಮ್ಮ ಮಸೀದಿಯ ಬಗ್ಗೆ ಅಪರಿಚಿತ ಭಾವನೆಯಿರುವ ನೆರೆಯವನು ಒಂದು ಬೋರೆ ಮರದ ಹೆಸರನ್ನು ಕೇಳಿಕೊಂಡು ಒಳಗೆ ಬರುವುದಾದರೆ ಅದೂ ಒಂದು ಸೇವೆಯೇ.

ಚರಿತ್ರೆ ನಮಗೆ ಎರಡು ಬಗೆಯ ಹಿರಿಯರನ್ನು ಕೊಟ್ಟಿದೆ. ದೂರದ ಗಿಡಗಳನ್ನು ತರಿಸಿ ಭವ್ಯವಾದ ತೋಟ ಕಟ್ಟಿದವರು ಒಂದು ಕಡೆ. ಕಾಲಬುಡದ ಹುಲ್ಲಿನ ಹೆಸರನ್ನೂ ಬಿಡದೆ ಬರೆದಿಟ್ಟವರು ಇನ್ನೊಂದು ಕಡೆ. ಮೊದಲನೆಯವರ ಬಗ್ಗೆ ನಾವು ಸಾಕಷ್ಟು ಹೆಮ್ಮೆಪಟ್ಟಿದ್ದೇವೆ. ಎರಡನೆಯವರ ದಾರಿಯಲ್ಲಿ ನಡೆಯಲು ಅರಮನೆ ಬೇಕ���ಲ್ಲ, ಅಧಿಕಾರ ಬೇಕಿಲ್ಲ. ಅಂತ್ಯದಿನದ ಗಳಿಗೆ ಬಂದರೂ ಕೈಯಲ್ಲಿರುವ ಸಸಿಯನ್ನು ನೆಟ್ಟುಬಿಡಬೇಕೆಂದು ಬೋಧಿಸಿದ ಪ್ರವಾದಿ(ಸ)ರ ಅನುಯಾಯಿಗಳಿಗೆ ಈ ಮಳೆಗಾಲವನ್ನು ಕಾಯುವ ಅಗತ್ಯವೂ ಇಲ್ಲ. ಹೆಸರುಗಳನ್ನು ಕೇಳಿ ಬರೆಯುವ ಕೆಲಸವನ್ನು ಬರುವ ಶುಕ್ರವಾರದ ಜುಮಾ ಮುಗಿದೊಡನೆ ಆರಂಭಿಸಬಹುದು. ಆದಮರಿಗೆ ಹೆಸರುಗಳನ್ನು ಕಲಿಸಿದ ಅಲ್ಲಾಹನು ನಮ್ಮ ಮಕ್ಕಳ ನಾಲಿಗೆಯ ಮೇಲೆಯೂ ಅವುಗಳನ್ನು ಉಳಿಸಲಿ. ಆಮೀನ್.